ಶಿಂತೋ ಮದುವೆಗೆ ಹೆಣ್ಣಿನ ಕಡೆಯವರಾಗಿ ಹೋಗುವವರಿಗೆ



ಕೆಲವು ವರ್ಷಗಳಿಂದ ಸಂಘದ ಕಚೇರಿಗೆ ಒಂದು ಹೊಸ ಬಗೆಯ ವಿಚಾರಣೆ ಬರುತ್ತಿದೆ. ಮೊದಲೆಲ್ಲ ಕನ್ನಡ ಮಾಧ್ಯಮದ ಶಾಲೆ ಯಾವ ಊರಲ್ಲಿ ಉಳಿದಿದೆ, ರಾಜ್ಯೋತ್ಸವ ಈ ಸಲ ಯಾವ ಛತ್ರದಲ್ಲಿ ಎಂದು ಕೇಳುತ್ತಿದ್ದರು. ಈಗ ಕೆಲಮಂಗಲ, ತಳಿ, ಬಾಗಲೂರು, ಡೆಂಕಣಿಕೋಟೆ ಕಡೆಯ ಹಿರಿಯರು ಬಂದು ಕೂತು, ಸ್ವಲ್ಪ ಹೊತ್ತು ಬೇರೆ ಮಾತಾಡಿ, ಆಮೇಲೆ ಮೆಲ್ಲಗೆ "ಹುಡುಗಿ ಹೊರದೇಶದಲ್ಲಿ ಅಲ್ಲಿಯವನನ್ನೇ ಮದುವೆಯಾಗ್ತಿದ್ದಾಳೆ, ನಾವು ಅಲ್ಲಿಗೆ ಹೋಗಿ ಏನು ಮಾಡಬೇಕು?" ಎನ್ನುತ್ತಾರೆ. ಬೆಂಗಳೂರಿನ ಕಂಪನಿಗಳಿಂದ ಜಪಾನಿಗೆ ಹೋಗಿ ನೆಲೆಸಿದ ಮಕ್ಕಳು ನಮ್ಮ ಸದಸ್ಯರ ಮನೆಗಳಲ್ಲೂ ಇದ್ದಾರೆ. ಅವರಲ್ಲಿ ಒಬ್ಬಳು ನಮ್ಮ ಅಕ್ಕನ ಮಗಳು. ಅವಳ ಮದುವೆ ತೋಕಿಯೋ ಹೊರವಲಯದ ಒಂದು ಚಿಕ್ಕ ದೇವಾಲಯದಲ್ಲಿ ಶಿಂತೋ ಪದ್ಧತಿಯಂತೆ ನಡೆಯಿತು. ಹೆಣ್ಣಿನ ಕಡೆಯಿಂದ ಹೋದವರು ನಾಲ್ಕೇ ಜನ: ಅಕ್ಕ, ನಾವು, ನಮ್ಮ ಮನೆಯವರು, ಹುಡುಗಿಯ ತಮ್ಮ. ಅಲ್ಲಿ ಕಂಡದ್ದು, ಓದಿ ಕೇಳಿ ತಿಳಿದದ್ದು ಮತ್ತು ಮಾಡಿದ ತಪ್ಪುಗಳನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಬರೆದಿಡುತ್ತಿದ್ದೇವೆ.

ಮೊದಲು ಕಾಗದಪತ್ರ

ಗುಮಾಸ್ತೆಯಾಗಿ ಮೂವತ್ತು ವರ್ಷ ದುಡಿದವರಿಗೆ ಕಣ್ಣು ಹೋಗುವುದು ಕಾಗದದ ಕಡೆಗೇ. ದೇವಾಲಯದಲ್ಲಿ ನಡೆಯುವ ವಿಧಿಗೆ ಜಪಾನಿನ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ ಎಂಬುದು ಎಲ್ಲರೂ ತಿಳಿದಿರಬೇಕಾದ ವಿಷಯ. ಮದುವೆ ಆಗುವುದು ನಗರಸಭೆ ಅಥವಾ ವಾರ್ಡ್ ಕಚೇರಿಯಲ್ಲಿ, 'ಕೊನ್‌ಇನ್ ತೊದೊಕೆ' ಎಂಬ ಒಂದು ನಮೂನೆ ಸಲ್ಲಿಸಿದಾಗ. ಅದಕ್ಕೆ ವಯಸ್ಕರಾದ ಇಬ್ಬರು ಸಾಕ್ಷಿಗಳ ಸಹಿ ಬೇಕು. ನಮ್ಮ ಕಡೆಯ ಹುಡುಗ ಅಥವಾ ಹುಡುಗಿ ಅವಿವಾಹಿತರು, ಮದುವೆಗೆ ಕಾನೂನಿನ ಅಡ್ಡಿಯಿಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ರಾಯಭಾರ ಕಚೇರಿಯಿಂದ ಪಡೆಯಬೇಕು. ಜನನ ಪತ್ರ ಮುಂತಾದವುಗಳಿಗೆ ಜಪಾನಿ ಅನುವಾದ ಜೊತೆಗಿರಬೇಕು. ಬಹಳ ಜೋಡಿಗಳು ಕಚೇರಿಯ ಕೆಲಸವನ್ನು ಒಂದು ದಿನ, ದೇವಾಲಯದ ವಿಧಿಯನ್ನು ಇನ್ನೊಂದು ದಿನ ಇಟ್ಟುಕೊಳ್ಳುತ್ತಾರೆ.

ಇಲ್ಲಿ ನಮ್ಮ ಜಿಲ್ಲೆಯವರಿಗೆ ಮಾತ್ರ ಇರುವ ಒಂದು ತೊಡಕುಂಟು. ತಮಿಳುನಾಡಿನ ದಾಖಲೆಗಳಲ್ಲಿ ಹೆಸರಿನ ಮುಂದೆ ತಂದೆಯ ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ಜಪಾನಿನ ನಮೂನೆಯಲ್ಲಿ ಮನೆತನದ ಹೆಸರಿಗೇ ಮೊದಲ ಮನೆ. ಜನನ ಪತ್ರದಲ್ಲಿ ಒಂದು ಇನಿಷಿಯಲ್, ಶಾಲೆಯ ಟಿ.ಸಿ.ಯಲ್ಲಿ ಎರಡು, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು ಎಂದಿದ್ದರೆ ಅಲ್ಲಿಯ ಕಚೇರಿಯವರು ಮೂರು ಜನ ಬೇರೆ ಬೇರೆ ಎಂದು ತಿಳಿದರೆ ತಪ್ಪೇನಿಲ್ಲ. ಆದ್ದರಿಂದ ಮಕ್ಕಳು ಹೊರಡುವ ಮೊದಲೇ ಎಲ್ಲ ದಾಖಲೆಗಳನ್ನೂ ಒಂದೇ ಹೆಸರಿಗೆ ತನ್ನಿ. ಇನ್ನೊಂದು ಮಾತು, ಜಪಾನಿನ ದಂಪತಿಗಳು ಕಾನೂನಿನ ಪ್ರಕಾರ ಒಂದೇ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕು. ಆದರೆ ಒಬ್ಬರು ವಿದೇಶಿಯಾದರೆ ಈ ಕಡ್ಡಾಯವಿಲ್ಲ. ನಮ್ಮ ಹುಡುಗಿ ತನ್ನ ಹೆಸರಿನಲ್ಲೇ ಇದ್ದಾಳೆ.

ವೀಸಾ ವಿಷಯ. ಹೊಸೂರಿನಿಂದ ಬೆಂಗಳೂರಿಗೆ 40 ಕಿಲೋಮೀಟರ್, ಚೆನ್ನೈಗೆ ಸುಮಾರು 300. ಬೆಂಗಳೂರಿನಲ್ಲಿ ಜಪಾನಿನ ದೂತಾವಾಸ ಇದೆ, ತೋಕಿಯೋಗೆ ನೇರ ವಿಮಾನವೂ ಅಲ್ಲಿಂದಲೇ. ಆದರೆ ವಿಳಾಸ ತಮಿಳುನಾಡಿನದಾದರೆ ಅರ್ಜಿ ಚೆನ್ನೈ ವ್ಯಾಪ್ತಿಗೆ. ಗಡಿಯವರಿಗೆ ಇದು ಹೊಸದಲ್ಲ. ಬಂಧುಗಳನ್ನು ನೋಡಲು ಹೋಗುವವರಿಗೆ ಅಲ್ಲಿಂದ ಆಹ್ವಾನ ಪತ್ರ, ಜವಾಬ್ದಾರಿ ಪತ್ರ, ಸಂಬಂಧ ತೋರಿಸುವ ದಾಖಲೆ ಕೇಳುತ್ತಾರೆ. ಸೋದರಮಾವ ಎಂಬ ಸಂಬಂಧವನ್ನು ಕಾಗದದಲ್ಲಿ ತೋರಿಸಲು ನಮ್ಮ ಜನನ ಪತ್ರ, ಅಕ್ಕನ ಜನನ ಪತ್ರ, ಹುಡುಗಿಯ ಜನನ ಪತ್ರ ಮೂರನ್ನೂ ಒಂದರ ಹಿಂದೆ ಒಂದು ಜೋಡಿಸಬೇಕಾಯಿತು. ಅಕ್ಕನದು ಸಿಗುವುದಕ್ಕೇ ಎರಡು ತಿಂಗಳು ಹಿಡಿಯಿತು.

ಹಳೆಯದೋ ಹೊಸದೋ

ಶಿಂತೋ ಎಂಬುದು ಜಪಾನಿನ ಮೂಲ ಆರಾಧನೆ. ಬೆಟ್ಟ, ಮರ, ನೀರು, ಪೂರ್ವಿಕರು ಎಲ್ಲದರಲ್ಲೂ 'ಕಾಮಿ' ಎಂಬ ದೈವಗಳಿವೆ ಎಂಬ ನಂಬಿಕೆ. ನಮ್ಮ ಊರಮ್ಮ, ಮುನೇಶ್ವರ, ಹೊಲದ ಕಲ್ಲು ಇವುಗಳನ್ನು ಬಲ್ಲವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ.

ಆದರೆ ದೇವಾಲಯದಲ್ಲಿ ಮದುವೆ ಮಾಡುವುದು ನಾವು ಅಂದುಕೊಂಡಷ್ಟು ಹಳೆಯದಲ್ಲ. ಹಿಂದೆ ಅಲ್ಲಿ ಮದುವೆಗಳು ನಡೆಯುತ್ತಿದ್ದದ್ದು ಗಂಡಿನ ಮನೆಯಲ್ಲಿ, ಬಟ್ಟಲು ಬದಲಾಯಿಸಿ ಕುಡಿಯುವುದೇ ಮುಖ್ಯ ವಿಧಿಯಾಗಿ. 1900ರ ಮೇ 10ರಂದು ಯುವರಾಜ ಯೋಶಿಹಿತೊ, ಅಂದರೆ ಮುಂದೆ ತಾಯಿಶೋ ಚಕ್ರವರ್ತಿಯಾದವರು, ಅರಮನೆಯ ದೇವರ ಮುಂದೆ ಮದುವೆಯಾದರು. ಅದನ್ನು ಕಂಡು ಜನರಿಗೂ ಆಸೆಯಾಯಿತು. ಮರುವರ್ಷ ತೋಕಿಯೋದ ಹಿಬಿಯಾದಲ್ಲಿದ್ದ ದೇವಾಲಯದವರು ಸಾಮಾನ್ಯರಿಗೆ ಒಗ್ಗುವ ಕ್ರಮವನ್ನು ರೂಪಿಸಿದರು. ಆ ದೇವಾಲಯ 1923ರ ಭೂಕಂಪದಲ್ಲಿ ಹಾಳಾಗಿ, ಈಗ ಬೇರೆ ಜಾಗದಲ್ಲಿ ತೋಕಿಯೋ ದಾಯ್‌ಜಿಂಗೂ ಎಂಬ ಹೆಸರಿನಿಂದ ಇದೆ. ಈಗಿನ ಹುಡುಗ ಹುಡುಗಿಯರು ಕ್ರೈಸ್ತರಲ್ಲದಿದ್ದರೂ ಚರ್ಚಿನಂಥ ಮಂಟಪದಲ್ಲಿ ಬಿಳಿ ಗೌನು ತೊಟ್ಟು ಮದುವೆಯಾಗುವುದೇ ಹೆಚ್ಚು. ಹಾಗಾಗಿ ಶಿಂತೋ ಮದುವೆಯನ್ನು ಯಾರಾದರೂ ಆರಿಸಿಕೊಂಡರೆ, ಅದು ಮನೆಯ ಹಿರಿಯರ ಮನಸ್ಸಿಗಾಗಿ ಎಂದು ತಿಳಿಯಬಹುದು. ನಮ್ಮ ಅಳಿಯನ ಅಜ್ಜಿಗೆ ಹಾಗೆ ಆಸೆಯಿತ್ತು.

ದಿನ ನೋಡುವ ಪದ್ಧತಿ ಅವರಲ್ಲೂ ಇದೆ. ಆರು ಹೆಸರುಗಳು ಒಂದರ ಹಿಂದೆ ಒಂದು ಸುತ್ತಿ ಬರುವ ಒಂದು ಲೆಕ್ಕ. ಅದರಲ್ಲಿ 'ತಾಯಿಆನ್' ಒಳ್ಳೆಯ ದಿನ, 'ಬುತ್ಸುಮೆತ್ಸು' ಮದುವೆಗೆ ಆಗದ ದಿನ. ನಮ್ಮ ಪಂಚಾಂಗ ನೋಡಿದರೆ ಅವರ ತಾಯಿಆನ್ ದಿನ ನಮಗೆ ರಾಹುಕಾಲದ ಹೊತ್ತಿಗೆ ಬಂದಿತ್ತು. ಅಕ್ಕ ಗಡಿಯಾರ ನೋಡಿ ಸುಮ್ಮನಾದಳು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ, ಯಾವ ಊರಿನ ರಾಹುಕಾಲ ಎಂದು ಹಿಡಿಯುವುದು?

ಉಡುಗೆ, ಮುಯ್ಯಿ, ಮಾತು

ಮದುಮಗಳದು ತಲೆಯಿಂದ ಕಾಲಿನವರೆಗೆ ಬಿಳಿ. ಅದಕ್ಕೆ ಶಿರೋಮುಕು ಎನ್ನುತ್ತಾರೆ. ಫೋಟೋ ನೋಡಿ ಇಲ್ಲಿ ಕೆಲವರು ಮುಖ ಸಿಂಡರಿಸಿದ್ದುಂಟು. ನಮ್ಮ ಹಲವು ಮನೆಗಳಲ್ಲಿ ಧಾರೆಗೆ ಕೆಂಪಂಚಿನ ಬಿಳಿ ಸೀರೆಯೇ ಉಡಿಸುವುದು ಎಂಬುದನ್ನು ಅವರಿಗೆ ನೆನಪು ಮಾಡಬೇಕಾಯಿತು. ತಲೆಗೆ ಕಟ್ಟುವ ಬಿಳಿ ಪಟ್ಟಿಗೆ 'ತ್ಸುನೋಕಾಕುಶಿ', ಅಂದರೆ ಕೊಂಬು ಮುಚ್ಚುವುದು ಎಂದು ಹೆಸರು. ಹೆಣ್ಣಿನ ಸಿಟ್ಟಿನ ಕೊಂಬು ಕಾಣದಿರಲಿ ಎಂದು ಅರ್ಥ ಹೇಳುತ್ತಾರೆ. ಇದನ್ನು ಕೇಳಿ ನಮ್ಮ ಮನೆಯವರು ಗಂಡಿಗೆ ಏನು ಮುಚ್ಚುತ್ತಾರೆ ಎಂದು ಕೇಳಿದರು. ಗಂಡಿಗೆ ಐದು ಕಡೆ ಮನೆತನದ ಗುರುತಿರುವ ಕಪ್ಪು ಮೇಲಂಗಿ. ಹತ್ತಿರದ ಬಂಧುಗಳಾದ ಮುತ್ತೈದೆಯರು ಕಪ್ಪು ಕಿಮೋನೊ, ಗಂಡಸರು ಕಪ್ಪು ಸೂಟು ಹಾಕುತ್ತಾರೆ. ಕಪ್ಪು ಅವರಿಗೆ ಅಶುಭವಲ್ಲ. ನಮ್ಮ ಹೆಂಗಸರು ರೇಷ್ಮೆ ಸೀರೆ ಉಟ್ಟರೆ ಸಂತೋಷಪಡುತ್ತಾರೆ, ಪೂರ್ತಿ ಬಿಳಿ ಮಾತ್ರ ಬೇಡ, ಅದು ಮದುಮಗಳದು.

ಮುಯ್ಯಿ ಕೊಡುವ ಲೆಕ್ಕ ನಮ್ಮದೇ. ನಾವು 101, 501 ಎಂದು ಒಂದು ರೂಪಾಯಿ ಸೇರಿಸುತ್ತೇವೆ, ಅವರಲ್ಲೂ ಎರಡು ಪಾಲಾಗುವ ಮೊತ್ತ ಕೊಡುವುದಿಲ್ಲ. ಗೆಳೆಯರಾದವರು ಸಾಮಾನ್ಯವಾಗಿ 30,000 ಯೆನ್ ಹಾಕುತ್ತಾರೆ, ಬಂಧುಗಳು ಹೆಚ್ಚು. ನಾಲ್ಕು ಮತ್ತು ಒಂಬತ್ತು ವರ್ಜ್ಯ, ಏಕೆಂದರೆ ಒಂದು ಸಾವು, ಇನ್ನೊಂದು ಸಂಕಟ ಎಂಬ ಪದಗಳ ಹಾಗೆ ಕೇಳಿಸುತ್ತದೆ. ನೋಟು ಹೊಸದಿರಬೇಕು. ಲಕೋಟೆಯ ಮೇಲಿನ ದಾರದ ಗಂಟು ನೋಡಿ ಕೊಳ್ಳಿ. ಮದುವೆಗೆ ಬಿಚ್ಚಲಾಗದ ಗಂಟು, ಮಗು ಹುಟ್ಟಿದಂಥ ಮತ್ತೆ ಮತ್ತೆ ಬರಬಹುದಾದ ಶುಭಕ್ಕೆ ಬಿಚ್ಚುವ ಗಂಟು. ನಾವು ಅಂದವಾಗಿದೆ ಎಂದು ಬಿಚ್ಚುವ ಗಂಟಿನದನ್ನು ಕೊಂಡು ತಂದಿದ್ದೆವು. ಹುಡುಗಿ ನೋಡಿ ನಗುತ್ತಾ, "ಮಾವ, ಇದು ಕೊಟ್ರೆ ಇನ್ನೊಂದು ಸಲ ಮದುವೆ ಆಗು ಅಂದ ಹಾಗೆ" ಎಂದಳು. ರಾತ್ರಿ ಹೋಗಿ ಬೇರೆ ತಂದೆವು. ಬಂದವರಿಗೆ ವಾಪಸು ಒಂದು ಚೀಲ ಉಡುಗೊರೆ ಕೊಡುತ್ತಾರೆ, ಅದು ಅವರ ತಾಂಬೂಲದ ಚೀಲ.

ಮದುವೆಯಲ್ಲಿ ಆಡಬಾರದ ಮಾತುಗಳೂ ಇವೆ. ಕತ್ತರಿಸು, ಒಡೆ, ಮುಗಿ, ಹಿಂದಿರುಗು ಇವು ಬಾಯಿಗೆ ಬರಬಾರದು. ಕಾರ್ಯಕ್ರಮ ಮುಗಿಯಿತು ಎನ್ನದೆ 'ತೆರೆಯೋಣ' ಎನ್ನುತ್ತಾರೆ. ಹೊರಡುವಾಗ "ಬರ್ತೀನಿ" ಎನ್ನುವ, ದೀಪ ಆರಿಸು ಎನ್ನದೆ "ದೀಪ ದೊಡ್ಡದು ಮಾಡು" ಎನ್ನುವ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಊರಿಂದ ಒಯ್ಯುವವರಿಗೆ ಎಚ್ಚರಿಕೆ: ಮಲ್ಲಿಗೆ ದಂಡೆ, ವೀಳ್ಯದೆಲೆ, ಕೃಷ್ಣಗಿರಿ ಮಾವಿನ ಹಣ್ಣು ಇವನ್ನು ಸುಮ್ಮನೆ ಚೀಲಕ್ಕೆ ಹಾಕಿಕೊಂಡು ಹೋಗುವಂತಿಲ್ಲ. ತಾಜಾ ಗಿಡ, ಹೂ, ಹಣ್ಣಿಗೆ ಸಸ್ಯ ಆರೋಗ್ಯದ ಸರ್ಕಾರಿ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಅಕ್ಷತೆಯ ಅಕ್ಕಿಗೂ ಇದೇ ನಿಯಮ. ಹೇಗೂ ದೇವಾಲಯದೊಳಗೆ ಅಕ್ಷತೆ ಎರಚುವ ಪದ್ಧತಿಯಿಲ್ಲ.

ಊಟದ ವಿಷಯ ಮುಂಚೆಯೇ ಹೇಳಿಬಿಡಿ, ಕಡೇ ಗಳಿಗೆಯಲ್ಲಲ್ಲ. "ಮೀನಿಲ್ಲ" ಎಂದರೂ ಸಾರಿಗೆ ಹಾಕುವ 'ದಾಶಿ' ಎಂಬ ರಸದಲ್ಲಿ ಒಣಮೀನು ಇರುತ್ತದೆ, ಅವರಿಗೆ ಅದು ಮೀನೆಂದೇ ತೋಚುವುದಿಲ್ಲ. ಬೌದ್ಧ ಮಠದ ಊಟ, 'ಶೋಜಿನ್', ಎಂದು ಕೇಳಿದರೆ ಪೂರ್ತಿ ಸಸ್ಯಾಹಾರ ಸಿಗುತ್ತದೆ. ಶುಭಕಾರ್ಯಕ್ಕೆ ಮಾಡುವ ಕೆಂಪು ಕಾಳಿನ ಅನ್ನವನ್ನು ಧಾರಾಳವಾಗಿ ಉಣ್ಣಬಹುದು.

ಆ ಅರ್ಧ ಗಂಟೆ

ನಮ್ಮ ಮದುವೆ ಎರಡು ದಿನ, ಅವರದು ಅರ್ಧ ಗಂಟೆ. ಬಂದವರು ಎರಡೂ ಕಡೆ ಸೇರಿ ಇಪ್ಪತ್ತು ಜನರೂ ಇಲ್ಲ. ದೇವಾಲಯದೊಳಗಿನ ವಿಧಿಗೆ ಹತ್ತಿರದ ಬಂಧುಗಳು ಮಾತ್ರ, ಉಳಿದವರು ಆಮೇಲಿನ ಊಟಕ್ಕೆ. ಯಾರೂ ಮಾತಾಡುವುದಿಲ್ಲ. ಹಲವು ಕಡೆ ವಿಧಿಯ ನಡುವೆ ಅತಿಥಿಗಳು ಫೋಟೋ ತೆಗೆಯುವಂತಿಲ್ಲ. ನಮ್ಮವರು ಮುಹೂರ್ತದ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಜಮೀನಿನ ಬೆಲೆ ಮಾತಾಡುತ್ತಾರಲ್ಲ, ಅದು ಅಲ್ಲಿ ನಡೆಯದು.

'ತೋರಿಇ' ಎಂಬ ಹೆಬ್ಬಾಗಿಲಲ್ಲಿ ಬಾಗಿ ನಮಸ್ಕರಿಸಿ ಒಳಗೆ ಹೋಗಬೇಕು. ದಾರಿಯ ನಡುಭಾಗ ದೇವರದು, ಅಂಚಿನಲ್ಲಿ ನಡೆಯಬೇಕು. ಕಲ್ಲಿನ ತೊಟ್ಟಿಯ ಹತ್ತಿರ ಸೌಟಿನಿಂದ ನೀರು ತೆಗೆದು ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಎಡ ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸುವುದು. ಸೌಟಿಗೇ ಬಾಯಿ ಹಚ್ಚಬಾರದು. ಮನೆಯಲ್ಲಿ ಸಾವಾಗಿದ್ದವರು ಐವತ್ತು ದಿನ ದೇವಾಲಯಕ್ಕೆ ಬರುವುದಿಲ್ಲ. ನಮ್ಮ ಸೂತಕದ ಹಾಗೆಯೇ, ದಿನ ಮಾತ್ರ ಹೆಚ್ಚು.

ಮೆರವಣಿಗೆಯ ಮುಂದೆ ವಾದ್ಯದವರು. ಅವರ 'ಹಿಚಿರಿಕಿ' ಎಂಬ ಚಿಕ್ಕ ಕೊಳವೆಗೂ ನಮ್ಮ ನಾಗಸ್ವರದ ಹಾಗೆ ಜೋಡಿ ಪೀಪಿ ಇದೆ, ದನಿ ಮಾತ್ರ ನಿಧಾನ, ಬಹಳ ನಿಧಾನ. ಗಟ್ಟಿಮೇಳ ಎಂಬುದೇ ಇಲ್ಲ. ಒಳಗೆ ದೇವರಿಗೆ ಎದುರಾಗಿ ನಿಂತರೆ ಬಲಕ್ಕೆ ಗಂಡಿನವರು, ಎಡಕ್ಕೆ ಹೆಣ್ಣಿನವರು. ಪುರೋಹಿತರು ಕಾಗದದ ಪಟ್ಟಿ ಕಟ್ಟಿದ ಕೋಲನ್ನು ತಲೆಯ ಮೇಲೆ ಬೀಸಿ ಶುದ್ಧಿ ಮಾಡುತ್ತಾರೆ. ತಲೆ ಬಗ್ಗಿಸಿರಬೇಕು. ಆಮೇಲೆ 'ನೋರಿತೊ', ದೇವರಿಗೆ ಮದುವೆಯ ವಿಷಯ ಅರಿಕೆ ಮಾಡುವ ಪ್ರಾರ್ಥನೆ. ನಮ್ಮ ಸಂಕಲ್ಪದಲ್ಲಿ ಗೋತ್ರ ನಾಮ ಹೇಳಿದ ಹಾಗೆ ಅದರಲ್ಲಿ ವಧೂವರರ ಹೆಸರು ಬರುತ್ತದೆ. ಅಷ್ಟು ಉದ್ದದ ಪ್ರಾರ್ಥನೆಯಲ್ಲಿ ನಮಗೆ ತಿಳಿದದ್ದು ಒಂದೇ ಶಬ್ದ, ನಮ್ಮ ಹುಡುಗಿಯ ಹೆಸರು. ಅದೂ ಅವರ ನಾಲಿಗೆಯಲ್ಲಿ ಎರಡು ಅಕ್ಷರ ಉದ್ದವಾಗಿತ್ತು.

ಮುಖ್ಯ ವಿಧಿ 'ಸಾನ್ ಸಾನ್ ಕುದೋ', ಮೂರು ಮೂರಲ ಒಂಬತ್ತು. ಚಿಕ್ಕದು, ನಡುವಣದು, ದೊಡ್ಡದು ಎಂದು ಮೂರು ಬಟ್ಟಲು. ಒಂದೊಂದರಲ್ಲೂ ಅಕ್ಕಿಯ ಮದ್ಯವನ್ನು ಮೂರು ಸಲ ತುಟಿಗೆ ತರುವುದು, ಮೊದಲೆರಡು ಸಲ ತಾಕಿಸಿ ಮೂರನೆಯದರಲ್ಲಿ ಕುಡಿಯುವುದು. ತಾಳಿಯ ಜಾಗದಲ್ಲಿ ಇರುವುದು ಇದೇ. ಉಂಗುರ ಈಚೆಗೆ ಸೇರಿದ್ದು. ಆಮೇಲೆ ವರನು ಪ್ರತಿಜ್ಞೆ ಓದುತ್ತಾನೆ, ವಧು ಕೊನೆಯಲ್ಲಿ ತನ್ನ ಹೆಸರು ಮಾತ್ರ ಸೇರಿಸುತ್ತಾಳೆ. ಕುವೆಂಪು ಅವರ ಮಂತ್ರ ಮಾಂಗಲ್ಯದಲ್ಲಿ ಇಬ್ಬರೂ ಪ್ರಮಾಣ ಮಾಡುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮದೇ ಮೇಲು ಎಂದು ನಮಗೆ ಅನ್ನಿಸಿತು. ಕೊನೆಗೆ ಎರಡೂ ಕಡೆಯ ಬಂಧುಗಳಿಗೆ ಬಟ್ಟಲು ಬರುತ್ತದೆ. ಮದ್ಯ ಮುಟ್ಟದವರು ತುಟಿಯ ಹತ್ತಿರ ತಂದು ಇಳಿಸಿದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ಬೇಡವೆಂದು ಕೈಯಾಡಿಸುವುದು ಮಾತ್ರ ಸರಿಯಲ್ಲ.

ಅಕ್ಕನ ವಿಷಯ

ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿ, ಅಕ್ಕನ ಒಪ್ಪಿಗೆ ಪಡೆದು ಬರೆಯುತ್ತಿದ್ದೇವೆ. ಭಾವ ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ಅಕ್ಕ ಯಾವ ಮದುವೆಗೆ ಹೋದರೂ ಹಸೆಮಣೆಯ ಹತ್ತಿರ ಹೋದವಳಲ್ಲ. ಯಾರೂ ಬೇಡ ಎನ್ನುವುದಿಲ್ಲ, ಅವಳೇ ಕಂಬದ ಹಿಂದೆ ಕುರ್ಚಿ ಹಾಕಿಕೊಳ್ಳುತ್ತಾಳೆ, ಇಲ್ಲವೆ ಅಡಿಗೆಯವರ ಕಡೆ ಹೋಗಿಬಿಡುತ್ತಾಳೆ. ಮಗಳ ಧಾರೆಯನ್ನು ಸೋದರಮಾವ ಎಂದು ನಾವೂ ನಮ್ಮ ಮನೆಯವರೂ ಎರೆಯುವುದು ಎಂದು ಮೊದಲೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದ್ದೂ ಅಕ್ಕನೇ.

ಅಲ್ಲಿ ಮದುಮಗಳಿಗೆ ಎಲ್ಲ ಸಿಂಗಾರ ಆದಮೇಲೆ ತುಟಿಗೆ ಕೆಂಪು ಹಚ್ಚುವುದನ್ನು ತಾಯಿಗೆ ಬಿಡುವ ಪದ್ಧತಿಯಿದೆ. ತಾಯಿ ಮಗಳಿಗೆ ಮಾಡುವ ಕೊನೆಯ ಸಿಂಗಾರ ಅದು ಎನ್ನುತ್ತಾರೆ. ಉಡಿಸುವ ಹೆಂಗಸು ಬಂದು ಕುಂಚವನ್ನು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಅದನ್ನು ನಮ್ಮ ಮನೆಯವರ ಕಡೆ ಚಾಚಿದಳು. ಉಡಿಸುವವಳಿಗೆ ಏನೂ ಅರ್ಥವಾಗದೆ ಕುಂಚವನ್ನು ಮತ್ತೆ ಅಕ್ಕನ ಕೈಗೇ ಇಟ್ಟು, ಕೈ ಹಿಡಿದು ಮಗಳ ಮುಂದೆ ಕೂರಿಸಿದಳು. ಹುಡುಗಿ ಏನೂ ಹೇಳಲಿಲ್ಲ, ಕಣ್ಣು ಮುಚ್ಚಿಕೊಂಡು ಮುಖ ಮುಂದಕ್ಕೆ ಮಾಡಿದಳು. ಅಕ್ಕನ ಕೈ ನಡುಗಿ ಕೆಂಪು ಸ್ವಲ್ಪ ಆಚೆಗೆ ಹರಿಯಿತು. ಅವಳೇ ಸೆರಗಿನ ತುದಿಯಿಂದ ಒರೆಸಿ ಸರಿಮಾಡಿದಳು.

ಇನ್ನೊಂದು ವಿಧಿ 'ತಾಮಾಗುಶಿ', ಸಕಾಕಿ ಎಂಬ ಮರದ ಎಲೆಗೊಂಬೆಯನ್ನು ದೇವರಿಗೆ ಅರ್ಪಿಸುವುದು. ಬಲಗೈಯಿಂದ ಬುಡವನ್ನು ಮೇಲಿನಿಂದ, ಎಡಗೈಯಿಂದ ಎಲೆಯ ಕಡೆಯನ್ನು ಕೆಳಗಿನಿಂದ ಹಿಡಿಯಬೇಕು. ಬಲಕ್ಕೆ ತಿರುಗಿಸಿ ಬುಡ ದೇವರ ಕಡೆಗೆ ಬರುವಂತೆ ಮಣೆಯ ಮೇಲಿಟ್ಟು, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಂದು ಸಲ ಬಾಗುವುದು. ಇಜುಮೊದಂಥ ಕೆಲವು ದೇವಾಲಯಗಳಲ್ಲಿ ನಾಲ್ಕು ಚಪ್ಪಾಳೆ. ವಧೂವರರು ಮೊದಲು, ಆಮೇಲೆ ಎರಡು ಮನೆಗಳ ಪ್ರತಿನಿಧಿಗಳು. ಉಳಿದವರು ಇದ್ದಲ್ಲೇ ಎದ್ದು ಅವರ ಜೊತೆ ಬಾಗಬೇಕು. ಮುಂಚೆ ಒಂದು ಸಲ ಎಲ್ಲರಿಗೂ ಅಭ್ಯಾಸ ಮಾಡಿಸುತ್ತಾರೆ. ಅಭ್ಯಾಸದ ಹೊತ್ತಿಗೆ ಹೆಣ್ಣಿನ ಕಡೆಯಿಂದ ಯಾರು ಎಂದು ಕೇಳಿದರು. ಅಕ್ಕ ನಮ್ಮನ್ನು ನೋಡಿ "ನೀನೇ ಹೋಗಪ್ಪ" ಎಂದಳು. ಹುಡುಗಿಯ ತಮ್ಮ ಜಪಾನಿ ಬಲ್ಲ ಅಳಿಯನಿಗೆ ಅದನ್ನು ಹೇಳಿದ, ಅಳಿಯ ಪುರೋಹಿತರಿಗೆ ಹೇಳಿದ. ಪುರೋಹಿತರು ತಾಯಿ ಇದ್ದಾರಲ್ಲವೇ ಎಂದು ಕೇಳಿದರು. ತಾಯಿ ಇದ್ದಾರೆ, ತಂದೆ ಇಲ್ಲ ಎಂದ. ಹಾಗಾದರೆ ತಾಯಿ ಎಂದು ಹೇಳಿ ಅವರು ಮುಂದಿನ ವಿಧಿಗೆ ಹೋದರು. ಅದರಲ್ಲಿ ಚರ್ಚೆ ಮಾಡುವುದೇನಿದೆ ಎಂಬ ಹಾಗಿತ್ತು ಅವರ ಮುಖ. ಹುಡುಗನ ಅಜ್ಜಿಯೂ ಗಂಡನನ್ನು ಕಳೆದುಕೊಂಡವರೇ, ಅವರು ಮೊದಲ ಸಾಲಿನಲ್ಲಿ ಕೂತಿದ್ದರು.

ಶಿಂತೋದವರಲ್ಲಿ ಮಡಿಮೈಲಿಗೆ ಇಲ್ಲವೆಂದಲ್ಲ. ಸಾವಿನ ಮೈಲಿಗೆಯನ್ನು ನಮಗಿಂತ ಬಿಗಿಯಾಗಿ ಹಿಡಿಯುತ್ತಾರೆ. ಆದರೆ ಅದು ದಿನಗಳ ಲೆಕ್ಕ, ಮುಗಿದರೆ ಮುಗಿಯಿತು. ಅಕ್ಕ ಎಲೆಗೊಂಬೆ ಹಿಡಿದು ಮುಂದೆ ಹೋದಳು. ಬಲಕ್ಕೆ ತಿರುಗಿಸುವ ಬದಲು ಎಡಕ್ಕೆ ತಿರುಗಿಸಿದಳು. ಯಾರೂ ಏನೂ ಹೇಳಲಿಲ್ಲ. ಅವಳ ಚಪ್ಪಾಳೆ ಎರಡೂ ಗಟ್ಟಿಯಾಗಿಯೇ ಕೇಳಿಸಿತು.

ಇಲ್ಲಿಗೆ ಬಂದಮೇಲೆ

ಮದುಮಕ್ಕಳು ಬರುವ ಮಾಘದಲ್ಲಿ ಹೊಸೂರಿಗೆ ಬರುತ್ತಾರೆ. ಚಂದ್ರಚೂಡೇಶ್ವರ ಬೆಟ್ಟದ ಕೆಳಗಿನ ಛತ್ರದಲ್ಲಿ ನಮ್ಮ ಪದ್ಧತಿಯ ಧಾರೆಯೂ ಆಗಬೇಕೆಂದು ಗಂಡಿನ ಕಡೆಯವರೇ ಕೇಳಿದ್ದಾರೆ. ಈ ಸಲ ಅವರು ನಾಲ್ಕೈದು ಜನ, ನಾವು ನಾಲ್ಕುನೂರು. ಅವರಿಗೆ ಕೊಡಲು ನಮ್ಮ ಮದುವೆಯ ವಿವರವನ್ನೂ ಇದೇ ರೀತಿ ಬರೆಯಬೇಕಾಗಿದೆ. ಧಾರೆ ಎರೆಯುವವರು ಯಾರು ಎಂಬ ಸಾಲು ಮಾತ್ರ ಇನ್ನೂ ಬರೆದಿಲ್ಲ. ನಾವು ಅಕ್ಕನಿಗೆ ಒಮ್ಮೆ ಹೇಳಿ ನೋಡಿದೆವು. "ಅಲ್ಲಿ ಬೇರೆ, ಇಲ್ಲಿ ಬೇರೆ" ಎಂದಳು. ಪುರೋಹಿತರನ್ನು ಕೇಳಿದರೆ ಮನೆಯವರು ಒಪ್ಪಿದರೆ ನಮ್ಮ ಅಡ್ಡಿಯಿಲ್ಲ ಎಂದರು. ಮನೆಯವರು ಎಂದರೆ ಯಾರು ಯಾರು ಎಂದು ಈಗ ಲೆಕ್ಕ ಹಾಕುತ್ತಿದ್ದೇವೆ. ಸದಸ್ಯರ ಮನೆಗಳಲ್ಲಿ ತಾಯಿಯೊಬ್ಬಳೇ ಧಾರೆ ಎರೆದುಕೊಟ್ಟ ಉದಾಹರಣೆಗಳಿದ್ದರೆ ದಯವಿಟ್ಟು ತಿಳಿಸಿ, ಅಕ್ಕನಿಗೆ ತೋರಿಸಲು ಬೇಕು.

ವೀಸಾ ಅರ್ಜಿಯ ಜೊತೆ ಕೊಟ್ಟ ಕಾಗದಗಳ ಪಟ್ಟಿ, ಸಂಬಂಧ ತೋರಿಸಲು ಬರೆದ ಪತ್ರದ ನಕಲು ಸಂಘದ ಕಚೇರಿಯಲ್ಲಿ ಕಡತ ಮಾಡಿ ಇಟ್ಟಿದ್ದೇವೆ. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಬಂದು ನೋಡಿಕೊಳ್ಳಬಹುದು. ಬಿಚ್ಚುವ ಗಂಟಿನ ಲಕೋಟೆಯೂ ಅಲ್ಲೇ ಇದೆ, ಮಗು ಹುಟ್ಟಿದಾಗ ಬೇಕಾಗುತ್ತದೆ ಎಂದು ಎತ್ತಿಟ್ಟಿದ್ದೇವೆ.

ಇಂತು,
ಕಾರ್ಯದರ್ಶಿ